ಬಾಯಿ ಕಟ್ಟಿದರೂ ಮರಳಿ ಬರುವ ತೂಕ

ಹತ್ತನೆಯ ಶತಮಾನದಲ್ಲಿ ಸ್ಪೇನಿನ ಉತ್ತರ ಭಾಗದ ಲಿಯಾನ್ ರಾಜ್ಯವನ್ನು ಸಾಂಚೊ ಎಂಬ ದೊರೆ ಆಳುತ್ತಿದ್ದ. ಇತಿಹಾಸದಲ್ಲಿ ಅವನಿಗೆ ಉಳಿದುಕೊಂಡ ಹೆಸರು ‘ದಢೂತಿ ಸಾಂಚೊ’. ಕುದುರೆ ಏರಲಾರದಷ್ಟು ಅವನ ಮೈ ಬೆಳೆದಿತ್ತಂತೆ. 958ರಲ್ಲಿ ಅವನ ಸರದಾರರೇ ಅವನನ್ನು ಸಿಂಹಾಸನದಿಂದ ಇಳಿಸಿದರು. ಅವನ ಅಜ್ಜಿ, ನವಾರಾದ ರಾಣಿ ಟೋಡಾ, ಮೊಮ್ಮಗನನ್ನು ಕರೆದುಕೊಂಡು ಕಾರ್ಡೊಬಾದ ಮುಸ್ಲಿಂ ಖಲೀಫನ ಮೊರೆ ಹೋದಳು. ಖಲೀಫನ ಆಸ್ಥಾನದಲ್ಲಿದ್ದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಅವನಿಗೆ ಚಿಕಿತ್ಸೆ ಮಾಡಿದ. ವೈದ್ಯ ದೊರೆಯ ತುಟಿಗಳನ್ನು ಹೊಲಿದು, ಕೊಳವೆಯ ಮೂಲಕ ಬರೀ ದ್ರವಾಹಾರ ಕುಡಿಸಿದನೆಂದು ಕತೆಯೊಂದು ಪ್ರಚಲಿತದಲ್ಲಿದೆ. ಸಣ್ಣಗಾದ ಸಾಂಚೊ 960ರಲ್ಲಿ ಖಲೀಫನ ಸೇನೆಯ ನೆರವಿನಿಂದ ಸಿಂಹಾಸನವನ್ನು ಮರಳಿ ಪಡೆದ.

ತುಟಿ ಹೊಲಿದ ಸಂಗತಿ ನಿಜವಿರಲಿ, ಕಟ್ಟುಕತೆಯಿರಲಿ, ಅದರ ಹಿಂದಿನ ನಂಬಿಕೆ ಮಾತ್ರ ಇಂದಿಗೂ ಜೀವಂತವಾಗಿದೆ. ದಪ್ಪಗಿರುವವರನ್ನು ಕಂಡರೆ ‘ಸ್ವಲ್ಪ ಬಾಯಿ ಕಟ್ಟಬೇಕು’ ಎಂದು ಬುದ್ಧಿ ಹೇಳದವರು ನಮ್ಮಲ್ಲಿ ವಿರಳ. ತೂಕ ಇಳಿಸಲು ಜಠರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಈ ಮಾತು ತಪ್ಪಿದ್ದಲ್ಲ. ಮೊದಲ ವರ್ಷ ಸರಸರನೆ ಇಳಿದ ತೂಕ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಮತ್ತೆರಡು ವರ್ಷ ಕಳೆಯುವಷ್ಟರಲ್ಲಿ ಕಳೆದುಕೊಂಡದ್ದರಲ್ಲಿ ಒಂದು ಪಾಲು ಹಿಂದಿರುಗುತ್ತದೆ. ‘ಅಷ್ಟು ಖರ್ಚು ಮಾಡಿ ಆಪರೇಷನ್ ಮಾಡಿಸಿಕೊಂಡೂ ಉಳಿಸಿಕೊಳ್ಳಲಿಲ್ಲ’ ಎಂದು ಸುತ್ತಲಿನವರು ಆಡಿಕೊಳ್ಳುತ್ತಾರೆ. ನಾಚಿಕೆಯಿಂದ ವೈದ್ಯರ ಬಳಿ ಹೋಗುವುದನ್ನೇ ನಿಲ್ಲಿಸಿಬಿಡುವವರೂ ಉಂಟು. ಆದರೆ ಇದೆಲ್ಲ ಬಾಯಿಚಪಲದ ಫಲವೇ? ಎಂಟು ದಶಕಗಳ ವೈದ್ಯಕೀಯ ಇತಿಹಾಸ ಬೇರೆಯೇ ಉತ್ತರ ಕೊಡುತ್ತದೆ.

ಕ್ರೀಡಾಂಗಣದ ಕೆಳಗಿನ ಹಸಿವು

ಈ ಕತೆಯ ಮೊದಲ ಅಧ್ಯಾಯ ನಡೆದದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಎರಡನೆಯ ಮಹಾಯುದ್ಧ ಕೊನೆಗೊಳ್ಳುತ್ತಿದ್ದ ಕಾಲ. ಯುರೋಪಿನಲ್ಲಿ ಹಸಿವಿನಿಂದ ಬಳಲಿದ ಲಕ್ಷಾಂತರ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಬೇಕಾಗಿತ್ತು. ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ 36 ಯುವಕರನ್ನು ಸೇರಿಸಿಕೊಂಡು ಪ್ರಯೋಗ ಆರಂಭಿಸಿದರು. ಇವರೆಲ್ಲ ಆತ್ಮಸಾಕ್ಷಿಯ ಕಾರಣಕ್ಕಾಗಿ ಆಯುಧ ಹಿಡಿಯಲು ಒಪ್ಪದೆ, ಬದಲಿ ಸೇವೆಗೆಂದು ಬಂದವರು. ಪ್ರಯೋಗಾಲಯ ಇದ್ದದ್ದು ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗೆ.

ಆರು ತಿಂಗಳ ಕಾಲ ಅವರ ಊಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಅವರ ತೂಕ ಸುಮಾರು ಕಾಲುಭಾಗ ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾದದ್ದು ದೇಹ ತೋರಿದ ಜಿಪುಣತನ. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇಕಡ 40ರಷ್ಟು ಇಳಿದಿತ್ತು. ನಾಡಿ ನಿಧಾನವಾಗಿತ್ತು, ಮೈ ತಣ್ಣಗಾಗಿತ್ತು. ಆ ಯುವಕರಿಗೆ ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಹೊಟ್ಟೆ ತುಂಬಿದರೂ ಹಸಿವು ಹೋಗಲಿಲ್ಲ. ತೂಕ ಮರಳಿದಾಗ ಅದರಲ್ಲಿ ಕೊಬ್ಬಿನ ಪಾಲು ಮೊದಲಿಗಿಂತ ಹೆಚ್ಚಾಗಿತ್ತು. 1950ರಲ್ಲಿ ಕೀಸ್ ಇದನ್ನೆಲ್ಲ ಎರಡು ಬೃಹತ್ ಸಂಪುಟಗಳಲ್ಲಿ ಪ್ರಕಟಿಸಿದರು.

ಈ ಯುವಕರಾರೂ ಸ್ಥೂಲಕಾಯರಲ್ಲ, ಹೊಟ್ಟೆಬಾಕರಂತೂ ಅಲ್ಲವೇ ಅಲ್ಲ. ತೂಕ ಕಳೆದುಕೊಂಡ ಯಾವ ದೇಹವಾದರೂ ಹೀಗೆಯೇ ವರ್ತಿಸುತ್ತದೆ ಎಂಬುದು ಅಲ್ಲಿ ಕಂಡ ಸತ್ಯ. ದೇಹಕ್ಕೆ ಪಥ್ಯಕ್ಕೂ ಬರಗಾಲಕ್ಕೂ ವ್ಯತ್ಯಾಸ ತಿಳಿಯದು. ಎರಡಕ್ಕೂ ಅದು ಕೊಡುವ ಉತ್ತರ ಒಂದೇ: ಖರ್ಚು ತಗ್ಗಿಸು, ಹಸಿವು ಹೆಚ್ಚಿಸು.

ಕರುಳಿಗೆ ಕತ್ತರಿ

ವಿಚಿತ್ರವೆಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಆರಂಭವೂ ಇದೇ ವಿಶ್ವವಿದ್ಯಾಲಯದಲ್ಲಿಯೇ ಆಯಿತು. 1954ರಲ್ಲಿ ಅಲ್ಲಿನ ಆರ್ನಾಲ್ಡ್ ಕ್ರೆಮೆನ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿಟ್ಟು, ಮೊದಲ ತುದಿಯನ್ನು ಕೊನೆಯ ತುದಿಗೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ತಿಂದದ್ದು ರಕ್ತಕ್ಕೆ ಸೇರುವ ಮೊದಲೇ ಹೊರಗೆ ಹೋಗಲಿ ಎಂಬುದು ಇದರ ಲೆಕ್ಕಾಚಾರ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಸಾವಿರಾರು ಜನ ಇದನ್ನು ಮಾಡಿಸಿಕೊಂಡರು. ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಅರ್ಧ ಮೀಟರಿನಷ್ಟು ಮಾತ್ರ ಕೆಲಸಕ್ಕೆ ಉಳಿಯುತ್ತಿತ್ತು.

ತೂಕವೇನೋ ಇಳಿಯಿತು. ಆದರೆ ಬೆಲೆ ಭಾರಿಯಾಗಿತ್ತು. ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೆಲವರಲ್ಲಿ ಯಕೃತ್ತಿನ ವೈಫಲ್ಯ ಮತ್ತು ಸಾವು. ಉಳಿದ ತುಂಡು ಕರುಳು ಕೂಡ ಸುಮ್ಮನಿರಲಿಲ್ಲ. ಕ್ರಮೇಣ ಅದು ಹಿಗ್ಗಿ, ಒಳಪದರ ದಪ್ಪವಾಗಿ, ಹೆಚ್ಚು ಹೆಚ್ಚು ಆಹಾರವನ್ನು ಹೀರತೊಡಗಿತು. ಒಂದೆರಡು ವರ್ಷಗಳಲ್ಲಿ ತೂಕದ ಇಳಿಕೆ ನಿಂತಿತು. ತೊಂದರೆ ತಾಳಲಾರದೆ ಕರುಳನ್ನು ಮೊದಲಿನಂತೆ ಜೋಡಿಸಿಕೊಂಡವರಿಗೆ ತೂಕ ಮರಳಿ ಬಂತು. 1980ರ ವೇಳೆಗೆ ಈ ವಿಧಾನ ಮೂಲೆಗುಂಪಾಯಿತು. ಹತ್ತು ವರ್ಷ ಮೊದಲು ಅದೇ ಆವರಣದಲ್ಲಿ ಕೀಸ್ ಕಂಡುಕೊಂಡಿದ್ದ ಸತ್ಯಕ್ಕೂ ಇದಕ್ಕೂ ಇದ್ದ ನಂಟು ಆಗ ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ.

ಮುಂದಿನ ಹೆಜ್ಜೆ ಇಟ್ಟವರು ಮಿನೆಸೋಟದಲ್ಲಿಯೇ ಕಲಿತು ಐಯೋವಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣದಿಂದ ಜಠರದ ಬಹುಭಾಗ ತೆಗೆಸಿಕೊಂಡ ಹೆಂಗಸರು ತೆಳ್ಳಗಾಗಿ ಹಾಗೆಯೇ ಉಳಿಯುತ್ತಿದ್ದುದನ್ನು ಅವರು ಗಮನಿಸಿದ್ದರು. 1966ರಲ್ಲಿ ಚಿಕಾಶಿ ಇಟೊ ಅವರೊಡನೆ ಸೇರಿ, ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲವನ್ನು ಬೇರ್ಪಡಿಸಿ ಅದಕ್ಕೆ ನೇರವಾಗಿ ಕರುಳನ್ನು ಜೋಡಿಸಿದರು. ಇಂದು ‘ಗ್ಯಾಸ್ಟ್ರಿಕ್ ಬೈಪಾಸ್’ ಎಂದು ಕರೆಯುವ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ.

ಇದನ್ನು ಇನ್ನಷ್ಟು ಸರಳಗೊಳಿಸಲು ಮೇಸನ್ ಎಪ್ಪತ್ತರ ದಶಕದಲ್ಲಿ ಕರುಳನ್ನು ಮುಟ್ಟದೆ ಜಠರಕ್ಕೆ ಮಾತ್ರ ಅಡ್ಡಗೋಡೆ ಹಾಕಿ ನೋಡಿದರು. ಚೀಲ ಹಿಗ್ಗಿತು, ತೂಕ ಮರಳಿತು. 1980ರಲ್ಲಿ ಸ್ಟೇಪಲ್ ಸಾಲಿನಿಂದ ಲಂಬವಾಗಿ ಚೀಲ ಮಾಡಿ, ಅದರ ಬಾಯಿ ಹಿಗ್ಗದಂತೆ ಪಟ್ಟಿ ಬಿಗಿದರು. ಈ ಬಾರಿ ಕೆಲವರಲ್ಲಿ ಸ್ಟೇಪಲ್ ಸಾಲು ಬಿಟ್ಟುಕೊಂಡಿತು. ಇನ್ನು ಕೆಲವರಿಗೆ ರೊಟ್ಟಿ, ಮಾಂಸದಂಥ ಗಟ್ಟಿ ಆಹಾರ ಇಳಿಯದೆ ವಾಂತಿಯಾಗುತ್ತಿದ್ದುದರಿಂದ ಅವರು ಐಸ್‌ಕ್ರೀಂ, ಮಿಲ್ಕ್‌ಶೇಕ್‌ಗಳಿಗೆ ಒಲಿದರು. ಬಿಗಿದ ಪಟ್ಟಿಯ ನಡುವೆ ಅವು ಸಲೀಸಾಗಿ ಜಾರಿ ಹೋಗುತ್ತಿದ್ದವು. ಜಠರದ ಬಾಗಿಲು ಕಿರಿದು ಮಾಡಿದರೆ ಹಸಿವು ಬೇರೆ ದಾರಿ ಹುಡುಕುತ್ತದೆ ಎಂಬ ಪಾಠ ಹೀಗೆ ಸಿಕ್ಕಿತು.

ದವಡೆಗೆ ತಂತಿ

ಸಾಂಚೊನ ಕತೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ನಿಜ ಮಾಡಿದವರೂ ಇದ್ದಾರೆ. ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಕೆಲವು ವೈದ್ಯರು ಅತಿತೂಕದವರ ಮೇಲಿನ ಮತ್ತು ಕೆಳಗಿನ ದವಡೆಗಳನ್ನು ತಂತಿಯಿಂದ ಬಿಗಿದು ತಿಂಗಳುಗಟ್ಟಲೆ ದ್ರವಾಹಾರದಲ್ಲಿರಿಸಿದರು. ಅಕ್ಷರಶಃ ಬಾಯಿ ಕಟ್ಟುವ ಚಿಕಿತ್ಸೆ ಇದು. ತಂತಿ ಇರುವಷ್ಟು ದಿನ ತೂಕ ಇಳಿಯಿತು, ತಂತಿ ಬಿಚ್ಚಿದೊಡನೆ ಏರಿತು. ಹೀಗೆ ಏರದಂತೆ ತಡೆಯಲು ಜಾನ್ ಗ್ಯಾರೋ ಎಂಬ ವೈದ್ಯ ರೋಗಿಗಳ ಸೊಂಟಕ್ಕೆ ನೈಲಾನ್ ದಾರ ಕಟ್ಟಿದರು. ನಮ್ಮ ಉಡಿದಾರದಂಥ ಆ ದಾರ ಬಿಗಿಯಾದರೆ ಅದೇ ಎಚ್ಚರಿಕೆಯ ಗಂಟೆ. ತೂಕ ಇಳಿಸುವುದಕ್ಕಿಂತ ಇಳಿದದ್ದನ್ನು ಕಾಯುವುದು ಕಷ್ಟ ಎಂಬುದನ್ನು ಅವರು ಅರಿತಿದ್ದರು.

ಸ್ವೀಡನ್ನಿನ ಲೆಕ್ಕ

ಹಾಗಾದರೆ ಶಸ್ತ್ರಚಿಕಿತ್ಸೆ ವ್ಯರ್ಥವೇ? ಇದಕ್ಕೆ ಅಂಕಿಅಂಶಗಳಿಂದ ಉತ್ತರಿಸಿದ್ದು ಸ್ವೀಡನ್. 1987ರಲ್ಲಿ ಲಾರ್ಸ್ ಶೋಸ್ಟ್ರೋಮ್ ನೇತೃತ್ವದಲ್ಲಿ ಅಲ್ಲಿ ಆರಂಭವಾದ ಅಧ್ಯಯನ ಶಸ್ತ್ರಚಿಕಿತ್ಸೆಯಾದ 2,010 ಜನರನ್ನೂ, ಅವರಂತೆಯೇ ಇದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ 2,037 ಜನರನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷಗಳ ನಂತರ ಅದು ಶೇಕಡ 25ಕ್ಕೆ ಬಂದಿತ್ತು. ಮೇಸನ್ನರ ಪಟ್ಟಿ ಬಿಗಿದ ವಿಧಾನದಲ್ಲಿ ಶೇಕಡ 25 ಇದ್ದದ್ದು 16 ಆಯಿತು. ಶಸ್ತ್ರಚಿಕಿತ್ಸೆಯಿಲ್ಲದವರ ತೂಕ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು.

ಅಂದರೆ ಒಂದಿಷ್ಟು ತೂಕ ಮರಳುವುದು ಸರಾಸರಿ ರೋಗಿಯ ಪಾಡು, ಒಬ್ಬಿಬ್ಬರ ತಪ್ಪಿನ ಫಲವಲ್ಲ. ಹಾಗೆ ಮರಳಿದ ಮೇಲೂ ಲಾಭ ಉಳಿಯಿತು. ವಯಸ್ಸು, ರೋಗಗಳ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವಿನ ಸಂಭವ ಶೇಕಡ 29ರಷ್ಟು ಕಡಿಮೆಯಿತ್ತು ಎಂದು 2007ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1995ರಲ್ಲಿ, ಅಮೆರಿಕದ ವಾಲ್ಟರ್ ಪೋರೀಸ್ ಬೈಪಾಸ್ ಆದ ಬಹುತೇಕರಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬಂದುದನ್ನು ವರದಿ ಮಾಡಿದ್ದರು. ತಕ್ಕಡಿಯ ಮುಳ್ಳೊಂದನ್ನೇ ನೋಡಿ ಸೋಲು ಗೆಲುವು ನಿರ್ಧರಿಸುವುದು ಸರಿಯಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಹಸಿವಿನ ದೂತರು

ಕೀಸ್ ಕಂಡ ಜಿಪುಣತನದ ಒಳಗುಟ್ಟು ಬಯಲಾದದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳು ಅದನ್ನು ಬರಗಾಲದ ಸುದ್ದಿಯೆಂದು ಓದುತ್ತದೆ. 1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಜಠರದಿಂದ ಹೊರಡುವ ಘ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಗುರುತಿಸಿದರು. ಪಥ್ಯ ಮಾಡಿ ಸಣ್ಣಗಾದವರಲ್ಲಿ ಘ್ರೆಲಿನ್ ಏರುತ್ತದೆ, ಬೈಪಾಸ್ ಆದವರಲ್ಲಿ ತಗ್ಗಿರುತ್ತದೆ ಎಂದು 2002ರಲ್ಲಿ ಡೇವಿಡ್ ಕಮಿಂಗ್ಸ್ ತೋರಿಸಿದರು. ಬೈಪಾಸಿನ ನಂತರ ಹೊಟ್ಟೆ ತುಂಬಿತೆಂದು ಸಾರುವ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನು ಊಟವಾದೊಡನೆ ಹೆಚ್ಚಾಗಿ ಸುರಿಯುತ್ತದೆ. ಚೀಲ ಚಿಕ್ಕದಾದದ್ದರಿಂದ ಮಾತ್ರವಲ್ಲ, ಸಂದೇಶಗಳು ಬದಲಾದದ್ದರಿಂದಲೂ ಈ ಶಸ್ತ್ರಚಿಕಿತ್ಸೆ ಫಲಿಸುತ್ತದೆ.

ಶಸ್ತ್ರಚಿಕಿತ್ಸೆಯಿಲ್ಲದೆ ಹಟದಿಂದ ಇಳಿಸಿದವರ ಪಾಡೇನು? ಅಮೆರಿಕದ ಟೆಲಿವಿಷನ್ ಸ್ಪರ್ಧೆಯೊಂದರಲ್ಲಿ ಕಠಿಣ ಪಥ್ಯ, ವ್ಯಾಯಾಮಗಳಿಂದ ಸರಾಸರಿ 58 ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಅದರಲ್ಲಿ 41 ಕಿಲೋ ಮರಳಿತ್ತು. ಆದರೂ ಅವರ ದೇಹ ದಿನಕ್ಕೆ ನಿರೀಕ್ಷೆಗಿಂತ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತಿತ್ತು. ಬರಗಾಲ ಕಳೆದರೂ ಕಣಜದ ಕಾವಲು ಸಡಿಲವಾಗಿರಲಿಲ್ಲ.

ತೂಕ ನಿಂತಾಗ

ಈ ಹಿನ್ನೆಲೆಯಲ್ಲಿ ನೋಡಿದರೆ ಶಸ್ತ್ರಚಿಕಿತ್ಸೆಯ ನಂತರ ತೂಕ ನಿಲ್ಲುವುದಕ್ಕೆ ಅರ್ಥ ಸಿಗುತ್ತದೆ. ಮೊದಲ ವಾರಗಳಲ್ಲಿ ದೇಹದಲ್ಲಿ ಕೂಡಿಟ್ಟ ಸಕ್ಕರೆಯಂಶವೂ ಅದರೊಂದಿಗಿರುವ ನೀರೂ ಬೇಗ ಹೋಗುತ್ತವೆ. ಅದು ಮುಗಿದಾಗ ತಕ್ಕಡಿ ಕೆಲದಿನ ಕದಲದಿರುವುದು ಸಾಮಾನ್ಯ. ಒಂದು, ಒಂದೂವರೆ ವರ್ಷದ ನಂತರ ಬರುವ ನಿಲುಗಡೆ ಬೇರೆ ಬಗೆಯದು. ಚಿಕ್ಕದಾದ ದೇಹದ ಖರ್ಚು ಇಳಿದು, ಉಣ್ಣುವುದಕ್ಕೆ ಸರಿಹೊಂದುತ್ತದೆ. ಆಮೇಲೆ ಹಸಿವು ನಿಧಾನವಾಗಿ ಮರಳುತ್ತದೆ.

ಆಗ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಊಟದಲ್ಲಿ ಬೇಳೆ, ಮೊಟ್ಟೆ, ಮೊಸರು, ಮೀನಿನಂಥ ಪ್ರೋಟೀನು ಸಾಕಷ್ಟಿದೆಯೇ? ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆನ್ನುತ್ತಾರೆ. ಹಣ್ಣಿನ ರಸ, ಸಿಹಿ ಪಾನೀಯ, ಮದ್ಯ ಇವು ಚೀಲದಲ್ಲಿ ನಿಲ್ಲದೆ ಜಾರುತ್ತಿವೆಯೇ? ದಿನವಿಡೀ ಕುರುಕಲು ಬಾಯಾಡಿಸುವ ಅಭ್ಯಾಸ ಬಂದಿದೆಯೇ? ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ನಡೆದಿದೆಯೇ? ನಿದ್ದೆ ಹೇಗಿದೆ? ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆ ತೂಕ ಏರಿಸುತ್ತಿದೆಯೇ? ಕೆಲವರಲ್ಲಿ ಚೀಲ ಹಿಗ್ಗಿರಬಹುದು, ಅದಕ್ಕೂ ಹಳೆಯ ಜಠರಕ್ಕೂ ನಡುವೆ ದಾರಿ ಬಿಟ್ಟುಕೊಂಡಿರಬಹುದು. ಅದನ್ನು ಎಂಡೋಸ್ಕೋಪಿಯಿಂದಲೋ ಎಕ್ಸ್-ರೇಯಿಂದಲೋ ವೈದ್ಯರೇ ನೋಡಬೇಕು. ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತೂಕ ಏರಿತೆಂದು ಹೆದರಿ ಊಟ ಬಿಡುವುದು ಮಾತ್ರ ಅಪಾಯ. ಕಬ್ಬಿಣ, ಬಿ-12ರಂಥ ಪೋಷಕಾಂಶಗಳ ಕೊರತೆ ಇವರಲ್ಲಿ ಮೊದಲೇ ಸಾಮಾನ್ಯ.

ಜಿಎಲ್‌ಪಿ-1ನ್ನು ಅನುಕರಿಸುವ ಔಷಧಿಗಳು ಈಗ ಹೊಸ ದಾರಿ ತೆರೆದಿವೆ. ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರಿಗೂ ವೈದ್ಯರು ಇವನ್ನು ಬರೆದುಕೊಡುತ್ತಾರೆ. ಆದರೆ ಅಲ್ಲಿಯೂ ಹಳೆಯ ಕತೆಯೇ. ಇವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ, ಇಳಿದ ತೂಕದಲ್ಲಿ ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ಮರಳಿತೆಂದು 2022ರ ವರದಿ ಹೇಳಿತು. ರಕ್ತದೊತ್ತಡದ ಮಾತ್ರೆ ಬಿಟ್ಟರೆ ಒತ್ತಡ ಏರುವುದಿಲ್ಲವೇ, ಹಾಗೆ. ಒತ್ತಡ ಏರಿದ್ದಕ್ಕೆ ರೋಗಿಯ ನಡತೆಯನ್ನು ಯಾರೂ ಹಳಿಯುವುದಿಲ್ಲ.

ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡ ಮೇಸನ್, ಎಂಬತ್ತರ ದಶಕದಲ್ಲಿಯೇ ಶಸ್ತ್ರಚಿಕಿತ್ಸೆಯಾದವರ ವಿವರಗಳನ್ನು ವರ್ಷ ವರ್ಷವೂ ದಾಖಲಿಸುವ ನೋಂದಣಿಯೊಂದನ್ನು ಆರಂಭಿಸಿದ್ದರು. ಆಪರೇಷನ್ ಮುಗಿದೊಡನೆ ವೈದ್ಯನ ಕೆಲಸ ಮುಗಿಯದು ಎಂಬುದನ್ನು ಅವರ ಸೋಲುಗಳೇ ಅವರಿಗೆ ಕಲಿಸಿದ್ದವು. ಸಾಂಚೊನ ಕತೆ ಅವನು ಸಣ್ಣಗಾಗಿ ಸಿಂಹಾಸನ ಏರಿದಲ್ಲಿಗೆ ಮುಗಿಯುತ್ತದೆ. ಇಂದಿನ ರೋಗಿಗೆ ಅಲ್ಲಿಂದ ಮುಂದಿನದೇ ದೊಡ್ಡ ದಾರಿ. ಆ ದಾರಿಯಲ್ಲಿ ತೂಕ ನಾಲ್ಕು ಕಿಲೋ ಮರಳಿದ ದಿನ, ನಾಚಿಕೊಂಡು ಮನೆಯಲ್ಲಿ ಕೂರದೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ನೆರವು ಬೇಗ ಸಿಗುತ್ತದೆ. ಅವರು ನಾಚದಂತೆ ನೋಡಿಕೊಳ್ಳುವ ಹೊಣೆ ಮನೆಯವರದೂ ವೈದ್ಯರದೂ ಹೌದು.