ಓದಿ ಕಲಿಯುವ ಗಣಕವೂ ಕಾಗಿಣಾ ತೀರದ ಕನ್ನಡವೂ

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ರಾಜ-ರಾಣಿಯರ ಶಿಲ್ಪವಿರುವ ಕಲ್ಲೊಂದು ದೊರೆಯಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಬರೆದಿತ್ತು. ಆ ಹೆಸರಿಲ್ಲದಿದ್ದರೆ ಅದು ಯಾವ ಅರಸನ ಚಿತ್ರವೆಂದು ಹೇಳುವುದು ಕಷ್ಟವಾಗುತ್ತಿತ್ತು.

ಗಣಕಯಂತ್ರಕ್ಕೆ ಓದಿ ಕಲಿಯುವುದನ್ನು ಹೇಳಿಕೊಟ್ಟವರೂ ಹೀಗೆ ಹೆಸರು ಬರೆದ ಕೆಲವು ಮಾದರಿಗಳಿಂದಲೇ ಆರಂಭಿಸಿದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಸಂಗಡಿಗರು 2010ರ ಜನವರಿಯಲ್ಲಿ ‘ನೆಲ್’ ಎಂಬ ವ್ಯವಸ್ಥೆಯನ್ನು ಓದಲು ಕೂರಿಸಿದರು. ನಗರ, ಕಂಪನಿ, ಆಟಗಾರ ಮುಂತಾದ ವರ್ಗಗಳು. ಒಂದೊಂದಕ್ಕೆ ಹತ್ತು-ಹದಿನೈದು ಉದಾಹರಣೆಗಳು. ಉಳಿದುದನ್ನು ಅದು ಅಂತರ್ಜಾಲದ ಸುಮಾರು 50 ಕೋಟಿ ಪುಟಗಳಿಂದ ತಾನೇ ಹೆಕ್ಕಿಕೊಳ್ಳಬೇಕು. ಒಂದು ಹೆಸರಿನ ಪಕ್ಕದಲ್ಲಿ ‘ಮೇಯರ್’ ಎಂದು ಮತ್ತೆ ಮತ್ತೆ ಬಂದರೆ ಅದು ನಗರವಿರಬೇಕು ಎಂಬಂತಹ ಊಹೆ ಅದರದು. ಮೊದಲ 67 ದಿನಗಳಲ್ಲಿ ಅದು 2,42,453 ಸಂಗತಿಗಳನ್ನು ಕಲಿತಿತು. ಅವುಗಳಲ್ಲಿ ಶೇ. 74ರಷ್ಟು ಸರಿಯೆಂದು ಅಂದಾಜು.

ತಪ್ಪುಗಳೂ ಸ್ವಾರಸ್ಯವಾಗಿದ್ದವು. ಇಂಗ್ಲಿಷಿನಲ್ಲಿ ‘ಕುಕಿ’ ಎಂದರೆ ಬಿಸ್ಕತ್ತು. ಗಣಕದೊಳಗೆ ಉಳಿಯುವ ಒಂದು ಪುಟ್ಟ ಕಡತಕ್ಕೂ ಅದೇ ಹೆಸರು. ನೆಲ್ ಎರಡನ್ನೂ ತಿಂಡಿಯೆಂದೇ ಎಣಿಸಿತು. ಆಮೇಲೆ ಕಡತಗಳೆಲ್ಲವೂ ಬೇಕರಿಯ ಸಾಲಿಗೆ ಸೇರತೊಡಗಿದವು! ಒಂದು ತಪ್ಪು ಇನ್ನೊಂದಕ್ಕೆ ಸಾಕ್ಷಿಯಾಗುತ್ತಿತ್ತು. ಕೊನೆಗೆ ಮನುಷ್ಯರೇ ಕೂತು ತಿದ್ದಬೇಕಾಯಿತು.

ಇಂತಹ ಯಂತ್ರ ನಮ್ಮ ಊರುಗಳ ಬಗ್ಗೆ ಓದಿದರೆ ಏನಾದೀತು? ನಮಗೆ ಶಹಾಬಾದ್ ಎಂದರೆ ನೆಲಕ್ಕೆ ಹಾಸುವ ಕಲ್ಲು. ಆದರೆ ಹರಿಯಾಣದಲ್ಲೂ ಉತ್ತರ ಪ್ರದೇಶದಲ್ಲೂ ಶಹಾಬಾದ್‌ಗಳಿವೆ. ವಾಡಿ ನಮಗೆ ರೈಲು ಜಂಕ್ಷನ್, ಸಿಮೆಂಟಿನ ಊರು. ಮರಾಠಿಯಲ್ಲಿ ಅದು ಹಟ್ಟಿ, ಅರಬ್ಬಿಯಲ್ಲಿ ಕಣಿವೆ. ಬೇರೆಡೆಯ ಬರಹವೇ ಹೆಚ್ಚಿದ್ದರೆ ನಮ್ಮೂರು ಅದರಲ್ಲಿ ಕರಗಿಹೋಗುತ್ತದೆ.

1990ರ ದಶಕದಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಗಣಕಕ್ಕಾಗಿ ಸುಮಾರು 30 ಲಕ್ಷ ಪದಗಳ ಕನ್ನಡ ಬರಹವನ್ನು ಕೂಡಿಸಿತು. ಇಂದಿನ ಭಾಷಾ ಯಂತ್ರಗಳು ಅದರ ಎಷ್ಟೋ ಪಟ್ಟು ಓದುತ್ತವೆ. ಅಂತರ್ಜಾಲದಲ್ಲಿ ಅವಕ್ಕೆ ಹೇರಳವಾಗಿ ಸಿಗುವುದು ಪತ್ರಿಕೆಯ ಕನ್ನಡ. ಉರ್ದು, ತೆಲುಗು, ಮರಾಠಿಗಳೊಡನೆ ಬೆರೆತು ಬೆಳೆದ ಸೇಡಂ, ಚಿಂಚೋಳಿಗಳ ಮಾತು ಬಾಯಲ್ಲಿದ್ದಷ್ಟು ಬರಹದಲ್ಲಿಲ್ಲ.

ಇದು ಹೊಸ ಸಮಸ್ಯೆಯೇನೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದ ಆ ಗ್ರಂಥ, ಕನ್ನಡದ ತಿರುಳನ್ನು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ರಾಜಧಾನಿಯ ಹೆಸರು ಆ ನಾಲ್ಕರಲ್ಲಿ ಇಲ್ಲ! ಆದರೂ ಕನ್ನಡದ ಬಗೆಗಳು ಹಲವೆಂಬುದನ್ನು ಆ ಗ್ರಂಥ ಒಪ್ಪಿಕೊಂಡಿತ್ತು.

ಯಂತ್ರಕ್ಕೆ ಅಂತಹ ವಿವೇಕ ತಾನಾಗಿ ಬರುವುದಿಲ್ಲ. ಅದು ಬರೆದದ್ದನ್ನು ಮಾತ್ರ ಓದಬಲ್ಲದು. ಕನಗನಹಳ್ಳಿಯ ಶಿಲ್ಪಿ ಕಲ್ಲಿನ ಮೇಲೆ ಹೆಸರು ಬರೆದಿಟ್ಟ ಹಾಗೆ, ನಮ್ಮ ಊರು, ನಮ್ಮ ಮಾತುಗಳನ್ನು ನಾವೇ ಬರೆದಿಡಬೇಕಾಗಿದೆ.