ಗಣಿತ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತೆ? ಎಸ್‌ಎಸ್‌ಎಲ್‌ಸಿ ನಂತರದ ದಾರಿಗಳ ಪೂರ್ಣ ವಿವರ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮೇಲೆ ಪಿಯು ಕಾಲೇಜಿನ ಅರ್ಜಿಯಲ್ಲಿ ಒಂದು ಕಾಲಂ ತುಂಬಬೇಕು: ಕಾಂಬಿನೇಶನ್. ಆ ನಾಲ್ಕು ಅಕ್ಷರಗಳಲ್ಲಿ 'ಎಂ' ಇದೆಯಾ ಇಲ್ವಾ ಅನ್ನೋದರ ಮೇಲೆ ಮುಂದಿನ ಹತ್ತಾರು ವರ್ಷಗಳ ದಾರಿ ಬದಲಾಗುತ್ತೆ. ಹದಿನಾರು ತುಂಬದ ವಿದ್ಯಾರ್ಥಿ ಇದನ್ನು ನಿರ್ಧರಿಸೋದು ಹೆಚ್ಚಾಗಿ ಅಣ್ಣನ ಸಲಹೆ, ಪಕ್ಕದ ಮನೆಯವರ ಉದಾಹರಣೆ ಅಥವಾ "ನಿಂಗೆ ಮ್ಯಾಥ್ಸ್ ಬರಲ್ಲ" ಅನ್ನೋ ಒಂದು ಮಾತಿನ ಮೇಲೆ. ಹಾಗಾಗಿ ನಿಯಮ ಏನು, ಯಾವ ದಾರಿ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಒಂದೇ ಕಡೆ ನೋಡೋಣ.

ಹತ್ತನೇ ತರಗತಿ: ಎರಡು ಬೋರ್ಡ್, ಎರಡು ರೀತಿ

ರಾಜ್ಯ ಪಠ್ಯಕ್ರಮದಲ್ಲಿ ಗಣಿತ ಎಲ್ಲರಿಗೂ ಒಂದೇ. 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ಸುಲಭದ ಪತ್ರಿಕೆ, ಕಷ್ಟದ ಪತ್ರಿಕೆ ಅಂತ ಆಯ್ಕೆ ಇಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿರೋದರಿಂದ, ಮೊದಲ ಸಲ ಗಣಿತದಲ್ಲಿ ಉಳಿದುಕೊಂಡವರಿಗೆ ಅದೇ ವರ್ಷ ಮತ್ತೆ ಅವಕಾಶ ಸಿಗುತ್ತೆ.

ಸಿಬಿಎಸ್‌ಇ ಬೇರೆ ದಾರಿ ಹಿಡಿದಿದೆ. 2020ರ ಬೋರ್ಡ್ ಪರೀಕ್ಷೆಯಿಂದ ಹತ್ತನೇ ತರಗತಿಗೆ 'ಸ್ಟ್ಯಾಂಡರ್ಡ್' ಮತ್ತು 'ಬೇಸಿಕ್' ಎಂಬ ಎರಡು ಗಣಿತ ಪತ್ರಿಕೆಗಳಿವೆ. ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಪಠ್ಯ ಎರಡಕ್ಕೂ ಒಂದೇ, ಪಾಠ ಒಂದೇ, ಆಂತರಿಕ ಮೌಲ್ಯಮಾಪನವೂ ಒಂದೇ. ಬೇರೆಯಾಗೋದು ಬೋರ್ಡ್ ಪರೀಕ್ಷೆಯ ಪ್ರಶ್ನೆಗಳ ಮಟ್ಟ ಮಾತ್ರ.

ಬೇಸಿಕ್ ಬರೆದವರು 11ನೇ ತರಗತಿಯಲ್ಲಿ ಗಣಿತ ತಗೋಬೇಕಂದ್ರೆ ಕಂಪಾರ್ಟ್‌ಮೆಂಟ್ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಪಾಸಾಗಬೇಕು ಅನ್ನೋದು ಮೂಲ ನಿಯಮ. ಕೋವಿಡ್ ಕಾಲದಲ್ಲಿ ಇದನ್ನು ಸಡಿಲಿಸಿ, ಮುಂದಿನ ವರ್ಷಗಳಿಗೂ ವಿಸ್ತರಿಸಲಾಯಿತು. ವಿದ್ಯಾರ್ಥಿಗೆ ಸಾಮರ್ಥ್ಯ ಇದೆಯೇ ಎಂದು ಶಾಲೆಯ ಮುಖ್ಯಸ್ಥರು ನೋಡಿ ಅವಕಾಶ ಕೊಡಬಹುದು. ಸಡಿಲಿಕೆ ಶಾಶ್ವತ ಹಕ್ಕು ಅಲ್ಲ. ಆಯಾ ವರ್ಷದ ಸುತ್ತೋಲೆ ಓದಿಯೇ ತೀರ್ಮಾನಿಸಬೇಕು. 11ನೇ ತರಗತಿಯಲ್ಲಿ 'ಅಪ್ಲೈಡ್ ಮ್ಯಾಥಮ್ಯಾಟಿಕ್ಸ್' ಎಂಬ ಇನ್ನೊಂದು ವಿಷಯವೂ ಇದೆ. ಅದು ವಾಣಿಜ್ಯ, ಸಮಾಜವಿಜ್ಞಾನದ ಕಡೆ ಹೋಗುವವರಿಗೆ.

ಪಿಯುಸಿ: ನಾಲ್ಕು ಅಕ್ಷರಗಳ ಲೆಕ್ಕ

ವಿಜ್ಞಾನದಲ್ಲಿ ಪಿಸಿಎಂಬಿ ಅತಿ ಪರಿಚಿತ. ಎಂಜಿನಿಯರಿಂಗ್, ಮೆಡಿಕಲ್ ಎರಡಕ್ಕೂ ಬಾಗಿಲು ತೆರೆದಿರುತ್ತೆ, ಆದರೆ ಹೊರೆ ಹೆಚ್ಚು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇದ್ದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಇದ್ದರೆ ಪಿಸಿಎಂಇ, ಸಂಖ್ಯಾಶಾಸ್ತ್ರ ಇದ್ದರೆ ಪಿಸಿಎಂಎಸ್.

ವಾಣಿಜ್ಯದಲ್ಲಿ 'ಬೇಸಿಕ್ ಮ್ಯಾಥ್ಸ್' ಎಂಬ ವಿಷಯ ಕೆಲವು ಕಾಲೇಜುಗಳಲ್ಲಿದೆ. ವ್ಯವಹಾರಕ್ಕೆ ಬೇಕಾದ ಲೆಕ್ಕಗಳೂ ಇರುವ, ವಾಣಿಜ್ಯ ವಿದ್ಯಾರ್ಥಿಗಳಿಗಾಗಿಯೇ ಮಾಡಿದ ಪಠ್ಯ ಅದು. ಹೆಸರು ನೋಡಿ ಮೋಸಹೋಗಬೇಡಿ: ಇದು ವಿಜ್ಞಾನ ವಿಭಾಗದ ಗಣಿತಕ್ಕೆ ಸಮ ಅಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ 'ಬೇಸಿಕ್'ಗೂ ಇದಕ್ಕೂ ಸಂಬಂಧವಿಲ್ಲ.

ಗಣಿತ ಇಲ್ಲದಿದ್ದರೆ ಏನು ಸಿಗಲ್ಲ?

ಎಂಜಿನಿಯರಿಂಗ್: ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಅಂಕ. ರ‍್ಯಾಂಕ್ ಲೆಕ್ಕಕ್ಕೆ ಪಿಯುಸಿ ಅಂಕಗಳ ಅರ್ಧ, ಸಿಇಟಿಯ ಅರ್ಧ. ಅಂದರೆ ಪಿಯುಸಿ ಗಣಿತವನ್ನು ಬದಿಗಿಟ್ಟು ಕೋಚಿಂಗ್ ಮಾತ್ರ ನಂಬಿದರೆ ನಷ್ಟ ನಿಮಗೇ.

ಸಂಶೋಧನೆ: ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ವಿಜ್ಞಾನ ಪದವಿಗೆ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಸ್ಟ್ಯಾಟ್, ಬಿ.ಮ್ಯಾಥ್‌ಗೆ ಗಣಿತ ಬೇಕೇ ಬೇಕು. ಬಿ.ಮ್ಯಾಥ್ ನಡೆಯೋದು ಬೆಂಗಳೂರು ಕೇಂದ್ರದಲ್ಲೇ.

ಅರ್ಥಶಾಸ್ತ್ರ: ಇದು ಅನೇಕರಿಗೆ ಗೊತ್ತಾಗೋದು ತಡವಾಗಿ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿಯಲ್ಲಿ ಗಣಿತ ಬರೆಯಬೇಕು. ಎಚ್‌ಇಪಿಎಸ್ ಓದಿ "ನಾನು ಅರ್ಥಶಾಸ್ತ್ರಜ್ಞ ಆಗ್ತೀನಿ" ಅನ್ನೋರಿಗೆ ಈ ದಾರಿ ಕಷ್ಟವಾಗುತ್ತೆ.

ಸೇನೆ: ಎನ್‌ಡಿಎ ಮೂಲಕ ಭೂಸೇನೆಗೆ ಯಾವ ವಿಭಾಗದವರೂ ಹೋಗಬಹುದು; ವಾಯುಸೇನೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಆದರೆ ಪ್ರವೇಶ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೆ, ಅದು ಎಲ್ಲರಿಗೂ.

ಗಣಿತ ಇಲ್ಲದೆಯೂ ಏನು ಸಿಗುತ್ತೆ?

ನೀಟ್‌ಗೆ ಗಣಿತ ಬೇಡ. ಕಾನೂನು, ಪತ್ರಿಕೋದ್ಯಮ, ಸಾಹಿತ್ಯ, ಇತಿಹಾಸ ಯಾವುದಕ್ಕೂ ಬೇಡ. ಸಿಎ ಮಾಡಲು ಪಿಯುಸಿಯಲ್ಲಿ ಗಣಿತ ಕಡ್ಡಾಯ ಅಲ್ಲ, ಆದರೆ ಫೌಂಡೇಶನ್‌ನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಇದೆ. ಯುಪಿಎಸ್‌ಸಿಗೂ ಯಾವುದೇ ಪದವಿ ಸಾಕು. ಆದರೆ ಸಿಸ್ಯಾಟ್‌ನಲ್ಲಿ ಹತ್ತನೇ ತರಗತಿ ಮಟ್ಟದ ಲೆಕ್ಕ ಬರುತ್ತೆ, ಶೇ. 33 ಅಂಕ ಬರದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿ ಬರೆದಿರಲಿ, ಅಲ್ಲಿಗೇ ಮುಗೀತು.

ಇನ್ನೊಂದು ದಾರಿ ಪಾಲಿಟೆಕ್ನಿಕ್. ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಬೇಗ ಕೆಲಸ ಬೇಕಿರುವ ಮನೆಗಳಿಗೆ ಇದು ಒಳ್ಳೆಯ ಆಯ್ಕೆ. ಗಣಿತ ಇಲ್ಲೂ ಇದೆ, ಆದರೆ ಯಂತ್ರ, ಸರ್ಕ್ಯೂಟ್‌ಗಳ ಜೊತೆಗೇ ಬರುತ್ತೆ.

ಆಯ್ಕೆ ಯಾರದ್ದು?

ಕಾಗದದ ಮೇಲೆ ಎಲ್ಲರಿಗೂ ಎಲ್ಲ ಕಾಂಬಿನೇಶನ್ ಮುಕ್ತ. ವಾಸ್ತವ ಹಾಗಿಲ್ಲ. ಎಲ್ಲ ಸರ್ಕಾರಿ ಪಿಯು ಕಾಲೇಜುಗಳಲ್ಲೂ ವಿಜ್ಞಾನ ವಿಭಾಗ ಇಲ್ಲ. ಇರುವ ಕಾಲೇಜು ದೂರದ ಊರಲ್ಲಿದ್ದರೆ ಬಸ್ಸು, ಹಾಸ್ಟೆಲ್ಲು ಸಿಗದ ಹುಡುಗಿಯ 'ಆಯ್ಕೆ' ಮನೆ ಹತ್ತಿರದ ಕಲಾ ವಿಭಾಗವೇ ಆಗಿಬಿಡುತ್ತೆ. ಅದನ್ನು ಆಸಕ್ತಿ ಅಂತ ಕರೆಯೋದು ಸುಳ್ಳು.

ಭಾಷೆಯದು ಇನ್ನೊಂದು ಗೋಡೆ. ಹತ್ತನೇ ತರಗತಿಯಲ್ಲಿ 'ಸಮಾಂತರ ಶ್ರೇಢಿ', 'ಬಹುಪದೋಕ್ತಿ', 'ತ್ರಿಕೋನಮಿತಿ' ಕಲಿತವರು ಪಿಯುಸಿಗೆ ಕಾಲಿಟ್ಟಾಗ ಅದೇ ವಿಷಯ ಅರಿಥ್ಮೆಟಿಕ್ ಪ್ರೊಗ್ರೆಶನ್, ಪಾಲಿನಾಮಿಯಲ್, ಟ್ರಿಗನಾಮೆಟ್ರಿ ಅಂತ ಬರುತ್ತೆ. ಗೊತ್ತಿರೋ ಲೆಕ್ಕವೇ ಗೊತ್ತಿಲ್ಲದ ಹಾಗೆ ಕಾಣುತ್ತೆ. ಆಗ ಹಿಂದೆ ಬಿದ್ದವರನ್ನು 'ಗಣಿತದಲ್ಲಿ ವೀಕ್' ಅಂತ ಗುರುತಿಸ್ತಾರೆ. ವೀಕ್ ಆಗಿರೋದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆ.

ಈ ಜಗಳ ನಮ್ಮೊಬ್ಬರದ್ದಲ್ಲ. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರ ಬಾಬ್ ಮೋಸೆಸ್ 1982ರಲ್ಲಿ 'ಆಲ್ಜೀಬ್ರಾ ಪ್ರಾಜೆಕ್ಟ್' ಶುರು ಮಾಡಿದರು. ಮತದಾನದ ಹಕ್ಕಿನಷ್ಟೇ ಬೀಜಗಣಿತವೂ ಕಪ್ಪು ಮಕ್ಕಳ ಹಕ್ಕು ಅನ್ನೋದು ಅವರ ವಾದ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳು ಸಮಾನತೆಯ ಹೆಸರಲ್ಲೇ ಎಂಟನೇ ತರಗತಿಯಿಂದ ಬೀಜಗಣಿತ ತೆಗೆದವು; ಅದನ್ನು ವಾಪಸ್ ತರಬೇಕು ಎಂಬ ನಿರ್ಣಯವನ್ನು 2024ರಲ್ಲಿ ಮತದಾರರು ಭಾರಿ ಬಹುಮತದಿಂದ ಬೆಂಬಲಿಸಿದರು. ಎಲ್ಲರಿಗೂ ಕಡಿಮೆ ಕಲಿಸೋದರಿಂದ ಸಮಾನತೆ ಬರಲ್ಲ. ಹಣ ಇದ್ದವರು ಹೊರಗೆ ಟ್ಯೂಷನ್ ಕೊಡಿಸ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಆರಂಭಿಸಿ ಎಲ್ಲ ವಿಷಯಗಳನ್ನು ಎರಡು ಮಟ್ಟದಲ್ಲಿ ಕೊಡಬಹುದು ಎನ್ನುತ್ತೆ. ಭಯ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಯಾರ ಮಕ್ಕಳು ಕೆಳಗಿನ ಮಟ್ಟಕ್ಕೆ ಹೋಗ್ತಾರೆ, ಅಲ್ಲಿಂದ ಮೇಲೆ ಬರಲು ಏಣಿ ಇದೆಯಾ ಅನ್ನೋದನ್ನು ಕೇಳಲೇಬೇಕು.

ಅರ್ಜಿ ತುಂಬುವ ಮುನ್ನ

ಮನೆಯಲ್ಲಿ ತಮ್ಮನೋ ತಂಗಿಯೋ ಈ ಹಂತದಲ್ಲಿದ್ದರೆ ಮೂರು ಪ್ರಶ್ನೆ ಕೇಳಿ. ಮುಂದೆ ಬೇಕಿರುವ ಪದವಿಗೆ ಗಣಿತ ಕಡ್ಡಾಯವೇ? ಕಾಲೇಜಿನಲ್ಲಿ ಗಣಿತದ ಕಾಯಂ ಉಪನ್ಯಾಸಕರು ಇದ್ದಾರಾ? ಗಣಿತ ಬೇಡ ಅನ್ನೋದು ಇಷ್ಟವಿಲ್ಲದೆಯೋ, ಭಯದಿಂದಲೋ? ಇಷ್ಟವಿಲ್ಲದಿದ್ದರೆ ಧೈರ್ಯವಾಗಿ ಬಿಡಲಿ. ಭಯ ಆಗಿದ್ದರೆ, ಆ ಭಯ ಹುಟ್ಟಿದ್ದು ಎಲ್ಲಿ ಅಂತ ಮೊದಲು ಕೂತು ಮಾತಾಡಿ.