ಟಪಾಲು ಮತ್ತು ಮುದ್ದತ್ತು: ಗೋಕಾಕ–ಹುಕ್ಕೇರಿ ಸೀಮೆಯ ಕಚೇರಿ ಕೆಲಸದ ಇತಿಹಾಸ

ಕಚೇರಿಗೆ ಬಂದ ಪತ್ರವನ್ನು ಓದಿ, ಅದು ಯಾರಿಗೆ ಸೇರಬೇಕೆಂದು ವಿಂಗಡಿಸಿ, ಉತ್ತರದ ಕರಡು ಬರೆದು, ಸಭೆಗೆ ದಿನ ಗೊತ್ತುಮಾಡುವ ಕೆಲಸ ಇಂದು ಕೃತಕ ಬುದ್ಧಿಮತ್ತೆಯ ಸಹಾಯಕಗಳಿಗೆ, ಅಂದರೆ ಆಡುಮಾತಿನ ಸೂಚನೆಯನ್ನು ಗ್ರಹಿಸಿ ಬರಹ ಸಿದ್ಧಪಡಿಸುವ ತಂತ್ರಾಂಶಗಳಿಗೆ, ವಹಿಸಲ್ಪಡುತ್ತಿದೆ. ಉಪಕರಣ ಹೊಸದಾದರೂ ಕೆಲಸ ಬಹಳ ಹಳೆಯದು. ಬೆಳಗಾವಿ ಜಿಲ್ಲೆಯ ಕಲ್ಲೋಳಿ ಮತ್ತು ಅದರ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಆ ಕೆಲಸ ಕೈಯಿಂದ ಕೈಗೆ ದಾಟಿ ಬಂದ ಬಗೆಯನ್ನು ಗಮನಿಸಿದರೆ, ಕಾಗದವನ್ನು ಮೊದಲು ಓದಿ ಜೋಡಿಸುವವರಲ್ಲಿ ಎಷ್ಟು ಅಧಿಕಾರ ಸೇರುತ್ತದೆ ಮತ್ತು ಅದಕ್ಕೆ ಸಮಾಜ ಯಾವ ಕಟ್ಟುಪಾಡು ಹಾಕಿತು ಎಂಬುದು ತಿಳಿಯುತ್ತದೆ.

ಈ ಸೀಮೆಯ ಬರವಣಿಗೆಯ ಆಡಳಿತಕ್ಕೆ ಕಲ್ಲೋಳಿಯೇ ಹಳೆಯ ಸಾಕ್ಷಿ ಒದಗಿಸುತ್ತದೆ. ಸವದತ್ತಿಯ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಕ 1127ರ ಇಲ್ಲಿನ ಶಾಸನವು ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ದಾನ ಕೊಟ್ಟವರು ಯಾರು, ಯಾವುದಕ್ಕೆ ಕೊಟ್ಟರು, ಎಂದು ಕೊಟ್ಟರು ಎಂಬ ಮೂರು ಸಂಗತಿಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ನಿಲ್ಲಿಸಿದ ಆ ಪದ್ಧತಿಯಲ್ಲಿ ದಾಖಲೆ ಊರಿನದಾಗಿತ್ತು.

ಕಾಗದದ ಕಾಲದಲ್ಲಿ ದಾಖಲೆ ಊರಿನ ಕಣ್ಣಿನಿಂದ ಮರೆಯಾಯಿತು. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡು, 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದ ಮೇಲೂ ಹಳ್ಳಿಯ ಲೆಕ್ಕಪತ್ರ ವಂಶಪಾರಂಪರ್ಯವಾಗಿ ಕುಲಕರ್ಣಿಯದೇ ಆಗಿತ್ತು. ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳ ದಪ್ತರ ಆತನ ಮನೆಯಲ್ಲೇ ಇರುತ್ತಿತ್ತು. ವೇಗವಾಗಿ ಬರೆಯಲೆಂದು ರೂಢಿಗೆ ಬಂದ ಮೋಡಿ ಲಿಪಿಯನ್ನು ಓದಲು ಬಾರದ ರೈತನಿಗೆ ತನ್ನ ಹೊಲದ ವಿವರ ತಿಳಿಯಬೇಕಾದರೂ ಕುಲಕರ್ಣಿಯ ಬಾಯಿಂದಲೇ ತಿಳಿಯಬೇಕಿತ್ತು. ಆತನ ನಿಜವಾದ ಬಲ ಬರೆಯುವುದಕ್ಕಿಂತ ಹೆಚ್ಚಾಗಿ, ಯಾವುದನ್ನು ಹೇಳಬೇಕು, ಯಾವುದನ್ನು ತಡೆದಿಡಬೇಕು ಎಂಬ ಆಯ್ಕೆಯಲ್ಲಿತ್ತು. ಮುಂಬಯಿ ಸರ್ಕಾರದ 1950ರ ಕಾಯ್ದೆ ಕುಲಕರ್ಣಿ ವತನಗಳನ್ನು, ಅಂದರೆ ವಂಶಪಾರಂಪರ್ಯದ ಹುದ್ದೆಯ ಹಕ್ಕುಗಳನ್ನು, ರದ್ದುಮಾಡಿದಾಗ, ಆ ಕೆಲಸ ಸಂಬಳ ಪಡೆಯುವ, ವರ್ಗಾವಣೆಗೆ ಒಳಪಡುವ ತಲಾಠಿಗೆ, ಅಂದರೆ ಗ್ರಾಮಲೆಕ್ಕಿಗನಿಗೆ, ಸೇರಿತು.

ತಾಲ್ಲೂಕು ಕಚೇರಿಯಲ್ಲಿ ಇದೇ ಬಲವನ್ನು ಹದ್ದಿನಲ್ಲಿಡಲು ಬೇರೊಂದು ಉಪಾಯ ಬಳಕೆಗೆ ಬಂದಿತ್ತು. ಬಂದ ಟಪಾಲನ್ನೆಲ್ಲ ಆವಕ ವಹಿಯಲ್ಲಿ, ಹೋಗುವ ಪತ್ರಗಳನ್ನು ಜಾವಕ ವಹಿಯಲ್ಲಿ ಕ್ರಮಸಂಖ್ಯೆ ಮತ್ತು ತಾರೀಖಿನೊಡನೆ ನಮೂದಿಸಬೇಕೆಂಬ, ಕಾರಕೂನ (ಗುಮಾಸ್ತ) ಬರೆದ ಕರಡು ತಾಲ್ಲೂಕಿನ ಮುಖ್ಯಾಧಿಕಾರಿಯಾದ ಮಾಮಲೇದಾರರ ಸಹಿಯಾಗದೆ ಹೊರಹೋಗಬಾರದೆಂಬ ನಿಯಮಗಳಿಂದಾಗಿ, ಒಂದು ಅರ್ಜಿ ಎಲ್ಲಿ ನಿಂತಿತು ಎಂದು ಕೇಳಲು ಮೇಲಧಿಕಾರಿಗೆ ಆಧಾರ ದೊರೆಯಿತು.

ಕಚೇರಿ ಕೆಲಸದ ಇನ್ನೊಂದು ಮುಖವಾದ ಕಾಲದ ನಿಗದಿಗೂ ಈ ಸೀಮೆಯಲ್ಲಿ ತನ್ನದೇ ಮೂಲ ಉಂಟು. ಘಟಪ್ರಭೆಯ ಧುಮುಕುವ ನೀರಿನ ಬಲವನ್ನು ನಂಬಿ 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿಯು, ಸುಗ್ಗಿ ಮತ್ತು ಸಂತೆಯ ದಿನಗಳಿಂದ ಬದುಕನ್ನು ಎಣಿಸುತ್ತಿದ್ದ ಜನರನ್ನು ಗಡಿಯಾರದ ಪಾಳಿಗೆ ಒಗ್ಗಿಸಿತು. ಸಹಕಾರ ಸಂಘಗಳು ಬಂದ ಮೇಲೆ, 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಸೇರಿದಂತೆ, ಸಭೆಯ ನೋಟಿಸು ಮುಂಚಿತವಾಗಿ ಸದಸ್ಯರಿಗೆ ತಲುಪಬೇಕು, ಆದ ತೀರ್ಮಾನ ಠರಾವಿನ ಪುಸ್ತಕದಲ್ಲಿ ದಾಖಲಾಗಬೇಕು ಎಂಬ ಶಿಸ್ತು ಹಳ್ಳಿಗಳಿಗೂ ಪರಿಚಯವಾಯಿತು.

ಗಣಕಯಂತ್ರದ ಕಾಲ ದಾಖಲೆ ಮತ್ತು ಕಾಲನಿಗದಿ ಎಂಬ ಈ ಎರಡೂ ಎಳೆಗಳನ್ನು ಕೂಡಿಸಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ ಜಮೀನಿನ ದಾಖಲೆಗಳನ್ನು, ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಿಂದ ಪಹಣಿಯ ಪ್ರತಿ ತಲಾಠಿಯ ಅನುಕೂಲವನ್ನು ಕಾಯದೆ ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ಸಿಗತೊಡಗಿತು. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆ ಪ್ರತಿ ಸೇವೆಗೂ ಮುದ್ದತ್ತು, ಎಂದರೆ ಮೀರಬಾರದ ಕಾಲಾವಧಿಯನ್ನು ಗೊತ್ತುಪಡಿಸಿ, ಅರ್ಜಿಯ ಸಂಖ್ಯೆಯನ್ನು ಅರ್ಜಿದಾರನ ಕೈಗೇ ಕೊಟ್ಟಿತು. ಆವಕ ವಹಿಯೊಳಗೆ ಅಡಗಿದ್ದ ಸಂಖ್ಯೆ ನಾಗರಿಕನ ಹಕ್ಕಾದದ್ದು ಇಲ್ಲಿನ ದೊಡ್ಡ ಬದಲಾವಣೆ.

ಇ-ಮೇಲ್ ಪತ್ರಗಳ ಸಂಖ್ಯೆ ಮನುಷ್ಯನ ಓದಿನ ಅಳವನ್ನು ಮೀರಿದಾಗ ಸಹಾಯಕ ತಂತ್ರಾಂಶಗಳು ಹುಟ್ಟಿದವು. ಗೂಗಲ್ 2015ರಲ್ಲಿ ಚುಟುಕು ಉತ್ತರಗಳನ್ನು ಸೂಚಿಸುವ ಸೌಲಭ್ಯ ತಂದಿತು; 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ, 2023ರಲ್ಲಿ ಮೈಕ್ರೋಸಾಫ್ಟ್‌ನ ಕೋಪೈಲಟ್ ಮುಂತಾದವು ಪತ್ರಮಾಲಿಕೆಯ ಸಾರಾಂಶ ಬರೆಯುವ, ಹಲವರ ದಿನಚರಿಗಳಲ್ಲಿ ಬಿಡುವಿನ ವೇಳೆ ಹುಡುಕಿ ಸಭೆಯ ಸಮಯ ಸೂಚಿಸುವ ಮಟ್ಟಕ್ಕೆ ಬೆಳೆದವು. ಇವುಗಳ ದೋಷಗಳೂ ಗೊತ್ತಿರುವಂಥವೇ. ಪತ್ರದಲ್ಲಿಲ್ಲದ ಸಂಗತಿಯನ್ನು ಸಾರಾಂಶದಲ್ಲಿ ಸೇರಿಸುವುದುಂಟು. ಅಪರಿಚಿತನ ಪತ್ರದೊಳಗೆ ಹುದುಗಿಸಿದ ಮಾತನ್ನು ಯಜಮಾನನ ಆಜ್ಞೆಯೆಂದೇ ತಿಳಿದು ನಡೆಯುವ ಅಪಾಯವೂ ಉಂಟು. ಕನ್ನಡದ ಕಚೇರಿಗಳಿಗೆ ಮತ್ತೊಂದು ತೊಡಕಿದೆ: ‘ನುಡಿ’ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿ ಬರೆದಿಟ್ಟ ಕಡತಗಳನ್ನು, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಯಂತ್ರಕ್ಕೆ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಷ್ಟೇ.

ಹೀಗೆ ನೋಡಿದಾಗ, ಸಾವಿರ ಪತ್ರಗಳಲ್ಲಿ ಯಾವುದು ಮುಖ್ಯವೆಂದು ನಿರ್ಧರಿಸುವ ಸಹಾಯಕ ತಂತ್ರಾಂಶವು, ಓದುವುದನ್ನೂ ಆಯ್ದು ಹೇಳುವುದನ್ನೂ ತನ್ನಲ್ಲೇ ಇಟ್ಟುಕೊಂಡಿದ್ದ ಕುಲಕರ್ಣಿಯ ಸ್ಥಾನದಲ್ಲೇ ಕುಳಿತಿದೆ ಎಂಬುದು ಸ್ಪಷ್ಟ. ಈ ಸೀಮೆ ಅಂಥ ಬಲವನ್ನು ಎದುರಿಸಿದ್ದು ಬರವಣಿಗೆಯನ್ನು ತೊರೆದಲ್ಲ, ಅದಕ್ಕೆ ವಹಿ, ತಾರೀಖು ಮತ್ತು ಸಹಿಯ ಕಟ್ಟು ಹಾಕಿ. ಯಂತ್ರ ಏನನ್ನು ಓದಿತು, ಏನನ್ನು ಬದಿಗಿಟ್ಟಿತು ಎಂಬುದು ದಾಖಲಾಗಬೇಕು. ಅದು ಬರೆದ ಕರಡಿಗೆ ಹೊಣೆ ಹೊತ್ತ ಮನುಷ್ಯನ ಸಹಿ ಬೀಳಬೇಕು. ಅರ್ಜಿ ಕೊಟ್ಟವನಿಗೆ ತನ್ನ ಭಾಷೆಯಲ್ಲಿ ಮೂಲವನ್ನು ನೋಡುವ ಹಕ್ಕು ಇರಬೇಕು. ಈ ಮೂರೂ ಈ ಸೀಮೆಯ ಕಚೇರಿಗಳು ತಲೆಮಾರುಗಳ ಅನುಭವದಿಂದ ಕಲಿತ ನಿಯಮಗಳಾದ್ದರಿಂದ, ಹೊಸ ಸಹಾಯಕವನ್ನು ಕೆಲಸಕ್ಕೆ ಕೂರಿಸುವ ಮೊದಲೇ ಅವುಗಳನ್ನು ವಿಧಿಸುವುದು ನ್ಯಾಯ.